ಗೋಡೆ ಬದಿಗೆ ನಿಂತ ಮೇಷ್ಟ್ರುಗಳು: ಜಪಾನಿನಲ್ಲಿ ಆರು ದಿನ

ಗುರುವಾರ

ಟೋಕಿಯೊ ಸ್ಟೇಷನ್ನಿನಲ್ಲಿ ತಂಗಿ ಕಾಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಕೇಳಿದ ಮೊದಲ ಮಾತು, "ಅಕ್ಕ, ಚಕ್ಕುಲಿ ಮುರೀದೆ ಬಂತಾ?" ಅರ್ಧ ಪುಡಿಯಾಗಿತ್ತು. ಪುಳಿಯೋಗರೆ ಗೊಜ್ಜು ಮಾತ್ರ ಭದ್ರವಾಗಿ ಬಂದಿತ್ತು. ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು. ನಾಲ್ಕು ವರ್ಷ ಆಗಿತ್ತು ಇಬ್ಬರೂ ಮುಖಾಮುಖಿ ನೋಡಿ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. 19 ವರ್ಷದ ಸರ್ವಿಸ್. ತಂಗಿ ಗಂಡನ ಕೆಲಸದ ಜೊತೆ ಜಪಾನಿಗೆ ಬಂದವಳು, ಈಗ ಶಿಜುವೊಕಾ ಊರಿನಲ್ಲಿ ಎರಡು ಪ್ರಾಥಮಿಕ ಶಾಲೆ ಮತ್ತು ಒಂದು ಮಾಧ್ಯಮಿಕ ಶಾಲೆಗೆ ಇಂಗ್ಲಿಷ್ ಪಾಠಕ್ಕೆ ಹೋಗುತ್ತಾಳೆ. ಅವಳ ಹುದ್ದೆಗೆ ಎಎಲ್‌ಟಿ ಅನ್ನುತ್ತಾರೆ. ಜಪಾನಿ ಟೀಚರ್ ಪಕ್ಕದಲ್ಲಿ ನಿಂತು ಪಾಠಕ್ಕೆ ಕೈಜೋಡಿಸುವ ಹೊರದೇಶದ ಟೀಚರ್ ಅಂತ ಅರ್ಥ. "ಊರು ನೋಡೋಕೆ ಬರೋದಾದ್ರೆ ಏಪ್ರಿಲ್‌ನಲ್ಲಿ ಬಾ, ಹೂ ಬಿಟ್ಟಿರುತ್ತೆ. ಮೇಷ್ಟ್ರುಗಳನ್ನ ನೋಡೋಕೆ ಬರೋದಾದ್ರೆ ಅಕ್ಟೋಬರ್‌ನಲ್ಲಿ ಬಾ" ಅಂತ ಅವಳೇ ಫೋನಿನಲ್ಲಿ ಹೇಳಿದ್ದಳು. ನಮಗೆ ದಸರಾ ರಜೆ, ಅವರಿಗೆ ಶಾಲೆ ಜೋರಾಗಿ ನಡೆಯುವ ಕಾಲ. ಇಲಾಖೆಯ ಅನುಮತಿ ಮೊದಲೇ ತೆಗೆದುಕೊಂಡು ಹೊರಟುಬಿಟ್ಟೆ.

ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲುಗಳಲ್ಲಿ ತುಂಬಾ ವೇಗದ ನೊಜೋಮಿ ಶಿಜುವೊಕಾದಲ್ಲಿ ನಿಲ್ಲುವುದಿಲ್ಲ. ನಾವು ಹಿಕಾರಿ ಹತ್ತಿದೆವು. ಸುಮಾರು ಒಂದು ಗಂಟೆಯ ದಾರಿ. ಹಗಲಾಗಿದ್ದರೆ ಬಲಗಡೆ ಕಿಟಕಿಯಲ್ಲಿ ಫುಜಿ ಬೆಟ್ಟ ಕಾಣುತ್ತಿತ್ತಂತೆ, ಆಗಲೇ ಕತ್ತಲಾಗಿತ್ತು. ಕಿಟಕಿ ಬಿಟ್ಟು ತಂಗಿಯ ಮುಖ ನೋಡುತ್ತಾ ಕೂತೆ. ಅವಳು ತನ್ನ ಕೆಲಸದ ಕಥೆ ಶುರು ಮಾಡಿದಳು.

ಹೊರದೇಶದ ಟೀಚರುಗಳನ್ನು ಶಾಲೆಗೆ ತರುವ ಜೆಟ್ ಅನ್ನುವ ಸರ್ಕಾರಿ ಕಾರ್ಯಕ್ರಮ ಇಲ್ಲಿ 1987ರಲ್ಲಿ ಶುರುವಾಯಿತು. ಮೊದಲ ವರ್ಷ 4 ದೇಶಗಳಿಂದ 848 ಜನ ಬಂದರು. ಈಗ ಹತ್ತಾರು ದೇಶಗಳಿಂದ ಬರುತ್ತಾರೆ. ಹಾಗೆ ಬಂದವರು ಸಾಮಾನ್ಯವಾಗಿ 5 ವರ್ಷಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ತಂಗಿಯ ಹಾಗೆ ಊರಿನಲ್ಲೇ ಇದ್ದು ನೇರವಾಗಿ ಕೆಲಸಕ್ಕೆ ಸೇರಿದವರೂ ಇದ್ದಾರೆ. "ಮೊದಲನೇ ವರ್ಷ ನಾನು ಟೇಪ್ ರೆಕಾರ್ಡರ್ ಅಕ್ಕ" ಅಂದಳು. "ಟೀಚರ್ ಕೈ ತೋರಿಸಿದಾಗ ಒಂದು ವಾಕ್ಯ ಓದೋದು. ಮಕ್ಕಳು ಅದನ್ನೇ ಹೇಳೋದು. ಮತ್ತೆ ಸುಮ್ನೆ ನಿಂತ್ಕೊಳ್ಳೋದು. ಮನೆಗೆ ಬಂದು ಅಳ್ತಿದ್ದೆ." ಹಾಗಾದರೆ ಆಮೇಲೆ ಏನಾಯಿತು ಅಂದೆ. "ನಾಳೆ ನೋಡ್ತೀಯಲ್ಲ" ಅಂದಳು.

ಶುಕ್ರವಾರ

ತಂಗಿ ಹೋಗುವ ಒಂದು ಪ್ರಾಥಮಿಕ ಶಾಲೆಯಲ್ಲಿ ಈ ದಿನ ಸಂಶೋಧನಾ ಪಾಠ. ಅಂದರೆ ಒಬ್ಬ ಟೀಚರು ಪಾಠ ಮಾಡುವುದು, ಉಳಿದ ಟೀಚರುಗಳು ನೋಡಿ ಆಮೇಲೆ ಚರ್ಚೆ ಮಾಡುವುದು. ಬೇರೆ ಶಾಲೆಯ ಟೀಚರುಗಳೂ ಬಂದು ನೋಡಬಹುದು. ನನಗೋಸ್ಕರ ತಂಗಿ ಎರಡು ತಿಂಗಳ ಹಿಂದೆಯೇ ಹೆಡ್‌ಮಾಸ್ಟರ ಹತ್ತಿರ ಕೇಳಿದ್ದಳು. ಫೋಟೊ ತೆಗೆಯಬಾರದು, ಮಕ್ಕಳನ್ನು ಮಾತಾಡಿಸಬಾರದು ಅಂತ ಎರಡೇ ಷರತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವರು ಕೊಟ್ಟ ಸ್ಲಿಪ್ಪರ್ ಹಾಕಿಕೊಂಡು, ಕೊರಳಿಗೆ ಹೆಸರಿನ ಪಟ್ಟಿ ನೇತು ಹಾಕಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಊಟ ಆಯಿತು, ಮಕ್ಕಳೇ ಕಸ ಗುಡಿಸಿ ನೆಲ ಒರೆಸಿದರು. ಆಮೇಲೆ ಒಂದು ಕ್ಲಾಸು ಬಿಟ್ಟು ಉಳಿದ ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಿಬಿಟ್ಟರು! ಯಾಕೆ ಅಂದರೆ ಎಲ್ಲ ಟೀಚರುಗಳೂ ಆ ಒಂದು ಕ್ಲಾಸಿಗೆ ಹೋಗಿ ಪಾಠ ನೋಡಬೇಕಲ್ಲ. ಸ್ಟಾಫ್ ರೂಮ್ ಖಾಲಿಯಾಯಿತು. ಗಣಿತದವರು, ಸಂಗೀತದವರು, ಆರೋಗ್ಯ ಕೊಠಡಿಯ ನರ್ಸಮ್ಮ ಎಲ್ಲರೂ ಕೈಯಲ್ಲಿ ಪ್ಯಾಡ್ ಹಿಡಿದು ಆರನೇ ಕ್ಲಾಸಿನ ಗೋಡೆ ಬದಿಗೆ ಸಾಲಾಗಿ ನಿಂತರು. ನಾನೂ ನಿಂತೆ.

ನಮ್ಮ ಕೈಗೆ ಪಾಠ ಯೋಜನೆ ಕೊಟ್ಟಿದ್ದರು. ಎಂಟು ಪುಟ. ಒಂದೇ ಪಿರಿಯಡ್ಡಿಗೆ ಎಂಟು ಪುಟ! ಅದರಲ್ಲಿ ಗುರಿ, ಚಟುವಟಿಕೆ ಮಾತ್ರ ಇರಲಿಲ್ಲ. ಈ ಕ್ಲಾಸಿನ ಮಕ್ಕಳು ಈಗ ಹೇಗಿದ್ದಾರೆ, ಯಾವುದಕ್ಕೆ ಹೆದರುತ್ತಾರೆ, ಈ ಪಾಠವನ್ನೇ ಯಾಕೆ ಆರಿಸಿಕೊಂಡೆ ಅಂತಲೂ ಬರೆದಿದ್ದರು. ಕೊನೇ ಪುಟದಲ್ಲಿ ಯಾವ ಮಗು ಎಲ್ಲಿ ಕೂರುತ್ತದೆ ಅನ್ನುವ ನಕ್ಷೆ. "ಒಂದು ಮಗುವನ್ನ ಆರಿಸ್ಕೋ. ಪೂರ್ತಿ 45 ನಿಮಿಷ ಅದನ್ನೇ ನೋಡು. ಟೀಚರನ್ನ ನೋಡಬೇಡ" ಅಂತ ತಂಗಿ ಕಿವಿಯಲ್ಲಿ ಹೇಳಿ ಮುಂದೆ ಹೋದಳು. ಕಿಟಕಿ ಪಕ್ಕ ಮೂರನೇ ಸಾಲಿನ ಒಂದು ಹುಡುಗಿಯನ್ನು ಆರಿಸಿಕೊಂಡೆ.

ಪಾಠ ಏನು ಅಂದರೆ, ಮಕ್ಕಳು ಟ್ರಾವೆಲ್ ಏಜೆಂಟ್‌ಗಳು. ಒಂದೊಂದು ದೇಶದ ಚಿತ್ರ ಅಂಟಿಸಿದ ಹಾಳೆ ಹಿಡಿದು, ಜೊತೆಗಾರರಿಗೆ ಅಲ್ಲಿ ಏನು ನೋಡಬಹುದು, ಏನು ತಿನ್ನಬಹುದು ಅಂತ ಇಂಗ್ಲಿಷಿನಲ್ಲಿ ಹೇಳಿ ಒಪ್ಪಿಸಬೇಕು. ಮೊದಲು ತಂಗಿ ಗಿರಾಕಿಯಾಗಿ, ಕ್ಲಾಸ್ ಟೀಚರ್ ಏಜೆಂಟ್ ಆಗಿ ಎರಡು ನಿಮಿಷ ಮಾತಾಡಿ ತೋರಿಸಿದರು. ಟೀಚರು ಒಂದು ಕಡೆ ಪದ ಸಿಗದೆ ತಡವರಿಸಿದರು. ತಂಗಿ ಹೇಳಿಕೊಡಲಿಲ್ಲ, ಕಾದಳು. ಟೀಚರು ಕೈಸನ್ನೆ ಮಾಡಿ, ಬೇರೆ ಪದ ಹುಡುಕಿ ಹೇಳಿದರು. ಮಕ್ಕಳು ಅದನ್ನೇ ನೋಡುತ್ತಿದ್ದರು. ಪದ ಸಿಗದಿದ್ದಾಗ ದೊಡ್ಡವರು ಏನು ಮಾಡುತ್ತಾರೆ ಅನ್ನುವುದನ್ನು.

ಒಬ್ಬ ಹುಡುಗ ಇಂಡಿಯಾದ ಹಾಳೆ ಹಿಡಿದಿದ್ದ. ತಾಜ್ ಮಹಲ್ ಚಿತ್ರ, ಕರಿ ಚಿತ್ರ. ನನ್ನ ಮುಂದೆಯೇ ಎರಡು ಹೆಜ್ಜೆ ದೂರದಲ್ಲಿ ಇನ್ನೊಬ್ಬನಿಗೆ ಹೇಳುತ್ತಿದ್ದ. ಹೌದು ಪುಟ್ಟ, ನಾನು ಅಲ್ಲಿಂದಲೇ ಬಂದಿದ್ದು ಅನ್ನಬೇಕು ಅಂತ ಬಾಯಿಗೆ ಬಂತು. ಷರತ್ತು ನೆನಪಾಗಿ ಸುಮ್ಮನಾದೆ. ಗೋಡೆ ಬದಿಯ ಒಬ್ಬ ಟೀಚರೂ ಒಂದು ಮಗುವಿಗೂ ಉತ್ತರ ಹೇಳಿಕೊಡಲಿಲ್ಲ. ನೋಡುವವರು ಪಾಠಕ್ಕೆ ಕೈ ಹಾಕಬಾರದು. ಹಾಕಿದರೆ ಮಗು ತಾನಾಗಿ ಏನು ಮಾಡುತ್ತಿತ್ತು ಅಂತ ಗೊತ್ತಾಗುವುದೇ ಇಲ್ಲ.

ನನ್ನ ಹುಡುಗಿ ಮೊದಲ ಜೊತೆಗಾರನ ಮುಂದೆ ಬಾಯಿ ತೆಗೆಯಲಿಲ್ಲ. ತುಟಿ ಆಡುತ್ತಿತ್ತು, ದನಿ ಇಲ್ಲ. ಗಂಟೆ ಬಾರಿಸಿ ಜೊತೆ ಬದಲಾಯಿಸುವ ಮಧ್ಯೆ ಸಿಕ್ಕ ಅರ್ಧ ನಿಮಿಷದಲ್ಲಿ ಅವಳು ತನ್ನ ರಬ್ಬರನ್ನು ಕೈಯಲ್ಲಿ ಹಿಡಿದು, ಅದರ ಮುಖಕ್ಕೆ ಪಿಸುಗುಟ್ಟಿದಳು. ಮೂರು ಸಲ. ಮುಂದಿನ ಜೊತೆಗಾರ್ತಿ ಬಂದಾಗ ಆ ವಾಕ್ಯ ಸಣ್ಣ ದನಿಯಲ್ಲಿ ಹೊರಗೆ ಬಂತು.

ಬೋರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಠ ಮುಗಿಯುವವರೆಗೂ ಆ ಟೀಚರು ಬೋರ್ಡಿನ ಒಂದು ಅಕ್ಷರವನ್ನೂ ಅಳಿಸಲಿಲ್ಲ. ಎಡಗಡೆ ಇವತ್ತಿನ ಗುರಿ, ಮಧ್ಯೆ ಮಕ್ಕಳು ಹೇಳಿದ್ದು, ಬಲಗಡೆ ಕೊನೆಗೆ ಹೊಳೆದದ್ದು. ಹಿಂದೆ ನಿಂತು ನೋಡಿದರೆ 45 ನಿಮಿಷವೂ ಒಂದೇ ಹಲಗೆಯ ಮೇಲೆ ಕಾಣುತ್ತಿತ್ತು. ನಾನು 19 ವರ್ಷದಿಂದ ಬರೆಯುವುದು, ಒರೆಸುವುದು, ಬರೆಯುವುದು, ಒರೆಸುವುದು.

ಪಾಠ ಮುಗಿದ ಮೇಲೆ ಚರ್ಚೆ. ಒಂದೂವರೆ ಗಂಟೆ. ಮೊದಲು ಪಾಠ ಮಾಡಿದ ಟೀಚರೇ ಮಾತಾಡಬೇಕು. ತಾನು ಅಂದುಕೊಂಡದ್ದೇನು, ಆದದ್ದೇನು ಅಂತ. ಆಮೇಲೆ ಎಲ್ಲರೂ ಗುಂಪುಗಳಾಗಿ ಕೂತು, ದೊಡ್ಡದಾಗಿ ಪ್ರಿಂಟ್ ಹಾಕಿದ ಪಾಠ ಯೋಜನೆಯ ಮೇಲೆ ಬಣ್ಣದ ಚೀಟಿ ಅಂಟಿಸಿದರು. ಒಳ್ಳೆಯದಕ್ಕೆ ಒಂದು ಬಣ್ಣ, ಪ್ರಶ್ನೆಗೆ ಒಂದು, ಹೀಗೆ ಮಾಡಬಹುದಿತ್ತಲ್ಲ ಅನ್ನುವುದಕ್ಕೆ ಇನ್ನೊಂದು. ತಂಗಿ ನನ್ನ ಪಕ್ಕ ಕೂತು, ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಬರೆದು ತೋರಿಸುತ್ತಿದ್ದಳು. "ನೀವು ಇಲ್ಲಿ ತಪ್ಪು ಮಾಡಿದಿರಿ" ಅನ್ನುವ ಮಾತು ಒಂದು ಸಲವೂ ಆ ಪುಟಕ್ಕೆ ಬರಲಿಲ್ಲ. ಬಂದದ್ದೆಲ್ಲ ಹೀಗೆ: ಎರಡನೇ ಸಾಲಿನ ಹುಡುಗ ಹಾಳೆ ನೋಡುತ್ತಲೇ ಇದ್ದ, ಗೆಳೆಯನ ಮುಖ ನೋಡಲಿಲ್ಲ, ಯಾಕಿರಬಹುದು? ಕೊನೇ ಸಾಲಿನ ಇಬ್ಬರು ಜಪಾನಿ ಭಾಷೆಗೆ ಜಾರಿದ್ದು ಎಷ್ಟನೇ ನಿಮಿಷದಲ್ಲಿ?

ಕೊನೆಗೆ ಹೆಡ್‌ಮಾಸ್ಟರ್ ನನ್ನ ಕಡೆ ತಿರುಗಿ, ದೂರದಿಂದ ಬಂದ ಸೆನ್‌ಸೇ, ಅಂದರೆ ಟೀಚರು, ಏನು ನೋಡಿದರು ಅಂತ ಕೇಳಿದರು. ನಾನು ರಬ್ಬರಿನ ವಿಷಯ ಹೇಳಿದೆ. ತಂಗಿ ಜಪಾನಿಗೆ ತಿರುಗಿಸಿ ಹೇಳಿದಳು. ಪಾಠ ಮಾಡಿದ ಟೀಚರು ಥಟ್ಟನೆ ತಲೆ ಎತ್ತಿದರು. ಆ ಮಗು ಏಪ್ರಿಲ್‌ನಿಂದ ಇಂಗ್ಲಿಷ್ ಪಿರಿಯಡ್ಡಿನಲ್ಲಿ ದನಿ ತೆಗೆದದ್ದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಜೊತೆ ಬದಲಾಯಿಸುವ ಆ ಅರ್ಧ ನಿಮಿಷವನ್ನು ಒಂದು ನಿಮಿಷ ಮಾಡುತ್ತೇನೆ ಅಂತ ಬರೆದುಕೊಂಡರು. ಎದ್ದು ನಿಂತು ನನಗೆ ಬಗ್ಗಿ ನಮಸ್ಕಾರ ಮಾಡಿದರು. ನನಗೆ ಗಂಟಲು ಕಟ್ಟಿತು.

ನಮ್ಮಲ್ಲಿ ಕ್ಲಾಸಿನ ಹಿಂದೆ ದೊಡ್ಡವರು ಯಾರಾದರೂ ಬಂದು ಕೂತರು ಅಂದರೆ ಅದು ಇನ್‌ಸ್ಪೆಕ್ಷನ್. ಹಿಂದಿನ ದಿನವೇ ಡೈರಿ ತಿದ್ದಿ, ಚಾರ್ಟ್ ಅಂಟಿಸಿ, ಜಾಣ ಮಕ್ಕಳನ್ನು ಮುಂದೆ ಕೂರಿಸಿರುತ್ತೇವೆ. ಈ 19 ವರ್ಷದಲ್ಲಿ ಇನ್ನೊಬ್ಬ ಟೀಚರು ಕಲಿಯೋಣ ಅಂತ ನನ್ನ ಕ್ಲಾಸಿನಲ್ಲಿ ಕೂತಿಲ್ಲ. ನಾನೂ ಯಾರ ಕ್ಲಾಸಿನಲ್ಲೂ ಕೂತಿಲ್ಲ. ಇಲ್ಲಿ ಈ ಪದ್ಧತಿ ಮೇಜಿ ಕಾಲದಿಂದ, ಅಂದರೆ ನೂರು ವರ್ಷಕ್ಕೂ ಹಿಂದಿನಿಂದ ನಡೆದು ಬಂದಿದೆ.

ಸಂಜೆ ಏಳಾದರೂ ಸ್ಟಾಫ್ ರೂಮಿನ ದೀಪ ಉರಿಯುತ್ತಿತ್ತು. ಇದನ್ನೂ ಹೇಳಬೇಕು, ಬರೀ ಹೊಗಳಿದರೆ ಸರಿಯಲ್ಲ. 2018ರಲ್ಲಿ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲೆಯ ಟೀಚರುಗಳ ಕೆಲಸ ವಾರಕ್ಕೆ 56 ಗಂಟೆ. ಸಮೀಕ್ಷೆಯ ದೇಶಗಳ ಸರಾಸರಿ 38 ಗಂಟೆ. ಆ ಎಂಟು ಪುಟವನ್ನು ಆ ಟೀಚರು ಯಾವ ಹೊತ್ತಿನಲ್ಲಿ ಬರೆದಿರಬಹುದು ಅಂತ ಯೋಚಿಸುತ್ತಲೇ ಮನೆಗೆ ಬಂದೆ.

ಶನಿವಾರ

ಬೆಳಿಗ್ಗೆ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟೆ. ಹತ್ತು ಗಂಟೆಗೆ ಬಡಾವಣೆಯ ಕಲಿಕಾ ಕೇಂದ್ರಕ್ಕೆ ಹೊರಟೆವು. ಊರಿನ ಇಂಗ್ಲಿಷ್ ಟೀಚರುಗಳು ತಾವೇ ಸೇರಿ ನಡೆಸುವ ಉಪನ್ಯಾಸ. ಹಾಲ್ ಬಾಡಿಗೆಗೆ ಎಲ್ಲರೂ ಚೂರು ಚೂರು ದುಡ್ಡು ಹಾಕುತ್ತಾರೆ. ಸರ್ಟಿಫಿಕೇಟ್ ಇಲ್ಲ, ಹಾಜರಿ ಇಲ್ಲ, ಭತ್ಯೆ ಇಲ್ಲ. ಇಪ್ಪತ್ತಾರು ಜನ ಬಂದಿದ್ದರು. ಇದೇ ದೇಶದಲ್ಲಿ 2009ರಿಂದ ಟೀಚರ್ ಲೈಸೆನ್ಸ್ ನವೀಕರಣ ಅಂತ ಒಂದು ಕಡ್ಡಾಯ ಪದ್ಧತಿ ಇತ್ತು. 10 ವರ್ಷಕ್ಕೊಮ್ಮೆ ಸ್ವಂತ ದುಡ್ಡಿನಲ್ಲಿ 30 ಗಂಟೆ ತರಗತಿಗೆ ಕೂರಬೇಕಿತ್ತು. 2022ರಲ್ಲಿ ಅದನ್ನು ತೆಗೆದುಹಾಕಿದರು. ಕಡ್ಡಾಯ ಹೋಯಿತು, ಆದರೂ ಶನಿವಾರ ಬೆಳಿಗ್ಗೆ ಈ ಇಪ್ಪತ್ತಾರು ಜನ ಬಂದು ಕೂತಿದ್ದಾರೆ.

ಮೊದಲು ಮಾತಾಡಿದವರು 54 ವರ್ಷದ ಪ್ರಾಥಮಿಕ ಶಾಲೆ ಟೀಚರಮ್ಮ. ಇಲ್ಲಿ 2011ರಲ್ಲಿ ಐದು, ಆರನೇ ಕ್ಲಾಸಿಗೆ ವಿದೇಶಿ ಭಾಷಾ ಚಟುವಟಿಕೆ ಕಡ್ಡಾಯವಾಯಿತು. ಆಟ, ಹಾಡು ಅಷ್ಟೇ, ಅಂಕ ಇಲ್ಲ. 2020ರಲ್ಲಿ ಆ ಎರಡು ಕ್ಲಾಸಿಗೆ ಇಂಗ್ಲಿಷ್ ಪೂರ್ತಿ ವಿಷಯವೇ ಆಯಿತು, ವರ್ಷಕ್ಕೆ 70 ಪಿರಿಯಡ್, ಪಠ್ಯಪುಸ್ತಕ, ಅಂಕ ಎಲ್ಲ ಸೇರಿ. ಆಟದ ಚಟುವಟಿಕೆ ಮೂರು, ನಾಲ್ಕನೇ ಕ್ಲಾಸಿಗೆ ಇಳಿಯಿತು. ಪ್ರಾಥಮಿಕ ಶಾಲೆಯಲ್ಲಿ ಹೆಚ್ಚಿನ ವಿಷಯ ಒಬ್ಬರೇ ಕ್ಲಾಸ್ ಟೀಚರ್ ಹೇಳಿಕೊಡುವುದು. ಇಂಗ್ಲಿಷ್ ಹೇಳಿಕೊಡುತ್ತೇನೆ ಅಂತ ಕನಸಿನಲ್ಲೂ ಅಂದುಕೊಳ್ಳದ ಎಷ್ಟೋ ಜನಕ್ಕೆ ಅದು ಹೆಗಲಿಗೆ ಬಂತು. ನನಗೆ ನಮ್ಮ 2007-08 ನೆನಪಾಯಿತು. ಕರ್ನಾಟಕದ ಕನ್ನಡ ಶಾಲೆಗಳಿಗೆ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದ ವರ್ಷ. ನಮ್ಮೂರ ಪ್ರೈಮರಿ ಮೇಷ್ಟ್ರುಗಳು ಇದೇ ಭಯದಲ್ಲಿ ನನ್ನ ಹತ್ತಿರ ಬಂದು ಉಚ್ಚಾರಣೆ ಕೇಳುತ್ತಿದ್ದರು.

ಆಯಮ್ಮ ಹೇಳಿದ್ದು ತುಂಬಾ ಸರಳ. ಮೊದಲ ವರ್ಷ ಕಾರಿನಲ್ಲಿ ಶಾಲೆಗೆ ಹೋಗುವಾಗ ಹತ್ತು ವಾಕ್ಯ ಗಟ್ಟಿಯಾಗಿ ಹೇಳಿಕೊಂಡು ಹೋಗುತ್ತಿದ್ದರಂತೆ. ಬಾಗಿಲು ತೆಗೆಯಿರಿ, ಪುಟ ತಿರುಗಿಸಿ, ಇನ್ನೊಂದು ಸಲ ಹೇಳಿ, ಇಂಥವು. ಎರಡನೇ ವರ್ಷ ಮಕ್ಕಳಿಗೆ ನಿಜ ಹೇಳಿಬಿಟ್ಟರು: ನಾನೂ ನಿಮ್ಮ ಜೊತೆ ಕಲಿಯುತ್ತಿದ್ದೇನೆ, ಸೇರಿ ಕಲಿಯೋಣ. ಅವತ್ತಿನಿಂದ ಮಕ್ಕಳು ತಪ್ಪಿಗೆ ಹೆದರುವುದು ಕಡಿಮೆಯಾಯಿತಂತೆ. ತಂಗಿ ನನ್ನ ಕೈ ಅದುಮಿದಳು. ನಿನ್ನೆ ಕ್ಲಾಸಿನಲ್ಲಿ ಅವಳು ಯಾಕೆ ಪದ ಹೇಳಿಕೊಡದೆ ಕಾದಳು ಅಂತ ಆಗ ಅರ್ಥವಾಯಿತು. ಹಾಗೆ ಕಾಯುವುದನ್ನು ಅವಳು ಕಲಿತದ್ದು ಇಂಥ ಶನಿವಾರಗಳಲ್ಲೇ.

ಎರಡನೇ ಉಪನ್ಯಾಸ ಓದುವುದರ ಬಗ್ಗೆ. ನಾನು ಹತ್ತು ಪುಟ ಬರೆದುಕೊಂಡೆ. ಜಪಾನಿ ಮಕ್ಕಳು ಇಂಗ್ಲಿಷ್ ಸಾಲಿನ ಮೇಲೆ ಕಟಕಾನಾ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಾರೆ. ನಮ್ಮ ಮಕ್ಕಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದಿಲ್ವಾ, ಹಾಗೇ. ಕಟಕಾನಾದಲ್ಲಿ ಹೆಚ್ಚು ಕಡಿಮೆ ಪ್ರತಿ ಅಕ್ಷರವೂ ಸ್ವರದಲ್ಲೇ ಮುಗಿಯುತ್ತದೆ. ಹಾಗಾಗಿ ಮಿಲ್ಕ್ ಅನ್ನುವುದು ಮಿರುಕು ಆಗುತ್ತದೆ. ಬಸ್ ಅವರಿಗೆ ಬಸು, ನಮಗೆ ಬಸ್ಸು. ಸ್ಕೂಲ್ ಅವರಿಗೆ ಸುಕೂರು, ನಮ್ಮ ಹಳ್ಳಿಯಲ್ಲಿ ಇಸ್ಕೂಲು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸುವುದು ಎರಡು ಭಾಷೆಗೂ ಇರುವ ಗುಣ. ವಾಕ್ಯದ ಕಟ್ಟು ಕೂಡ ಹಾಗೇ. ವಾತಾಶಿ ವಾ ಆಶಿತಾ ಗಾಕ್ಕೋ ನಿ ಇಕಿಮಾಸು. ನಾನು ನಾಳೆ ಶಾಲೆಗೆ ಹೋಗುತ್ತೇನೆ. ಗಾಕ್ಕೋ ಅಂದರೆ ಶಾಲೆ, ನಿ ಅಂದರೆ ನಮ್ಮ 'ಗೆ'. ಪದ ಪದಕ್ಕೂ ಅದೇ ಕ್ರಮ! ಇಂಗ್ಲಿಷ್ ಕಲಿಯುವಾಗ ಕ್ರಿಯಾಪದವನ್ನು ಹಿಂದಿನಿಂದ ಎತ್ತಿ ಮಧ್ಯಕ್ಕೆ ತರುವ ಕಷ್ಟ ಈ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಂದೇ.

ಇನ್ನೊಂದು ತೊಡಕು ಅವರದ್ದೇ. ಮೂರನೇ ಕ್ಲಾಸಿನಲ್ಲಿ ಜಪಾನಿ ಪಾಠದ ಭಾಗವಾಗಿ ರೋಮಾಜಿ, ಅಂದರೆ ಜಪಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಕಲಿಸುತ್ತಾರೆ. ಅದೇ ಅಭ್ಯಾಸದಲ್ಲಿ ಮಗು ಇಂಗ್ಲಿಷ್ ಓದುತ್ತದೆ. ಟೇಕ್ ಅನ್ನುವ ಪದ ನೋಡಿದರೆ ತಾಕೆ ಅನ್ನುತ್ತದೆ, ಅಂದರೆ ಬಿದಿರು. ಸೇಮ್ ಅನ್ನುವುದು ಸಾಮೆ ಆಗುತ್ತದೆ, ಅಂದರೆ ಶಾರ್ಕ್ ಮೀನು. ಮಗು ತಪ್ಪು ಓದುತ್ತಿಲ್ಲ, ಬೇರೆ ಕೀಲಿ ಹಾಕಿ ತೆಗೆಯುತ್ತಿದೆ ಅಂತ ಉಪನ್ಯಾಸಕರು ಹೇಳಿದರು. ತಪ್ಪು ತಿದ್ದುವ ಮೊದಲು ಅದು ಯಾವ ಕೀಲಿ ಅಂತ ಟೀಚರಿಗೆ ಗೊತ್ತಿರಬೇಕು. ನಮ್ಮ ಎಂಟನೇ ಕ್ಲಾಸಿನ ಮಕ್ಕಳ ಪುಸ್ತಕದಲ್ಲಿ ಕನ್ನಡ ಅಕ್ಷರ ಕಂಡರೆ ನಾನು ಬೈದು ಅಳಿಸುತ್ತಿದ್ದೆ. ಇನ್ನು ಮೇಲೆ ಅಳಿಸುವ ಮೊದಲು ಓದುತ್ತೇನೆ.

ಭಾನುವಾರ

ನಗೋಯಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ಬೆಳಗಿನ ಹೊತ್ತು ಕಾಫಿ ಅಂಗಡಿಯಲ್ಲಿ ಕಾಫಿ ತಗೊಂಡರೆ ಜೊತೆಗೆ ಟೋಸ್ಟ್ ಹಾಗೇ ಕೊಡುತ್ತಾರೆ. ಕಾಫಿ ನಮ್ಮ ಹಾಸನದ ಕಾಫಿಯ ಮುಂದೆ ಏನಲ್ಲ, ಟೋಸ್ಟ್ ಚೆನ್ನಾಗಿತ್ತು.

ಜಪಾನಿನಲ್ಲಿ ಭಾಷಾ ಟೀಚರುಗಳ ದೊಡ್ಡ ಸಂಘ ಜಾಲ್ಟ್. 1970ರ ದಶಕದಿಂದ ಇದೆ. ಊರೂರಲ್ಲಿ ಶಾಖೆ, ಪ್ರತಿ ವರ್ಷ ಒಂದು ಅಂತರರಾಷ್ಟ್ರೀಯ ಸಮ್ಮೇಳನ. ಇದಲ್ಲದೆ ಸಣ್ಣ ಸಣ್ಣ ಗುಂಪುಗಳೂ ಬೇಕಾದಷ್ಟು. ನಾವು ಹೋದದ್ದು ಅಂಥ ಒಂದು ಸಣ್ಣ ಗುಂಪಿನ ಸಭೆಗೆ. ಮಾತೆಲ್ಲ ಇಂಗ್ಲಿಷಿನಲ್ಲಿ, ಹಾಗಾಗಿ ತಂಗಿಯ ನೋಟ್‌ಬುಕ್ಕಿಗೆ ರಜೆ. ಹೈಸ್ಕೂಲ್ ಟೀಚರೊಬ್ಬರು ಟಾಸ್ಕ್, ಅಂದರೆ ಮಕ್ಕಳು ಬಿಡಿಸಬೇಕಾದ ಒಂದು ಕೆಲಸದ ಮೂಲಕ ಇಂಗ್ಲಿಷ್ ಕಲಿಸುವುದರ ಬಗ್ಗೆ ಮಾತಾಡುವವರಿದ್ದರು. ಮೊದಲ ಸ್ಲೈಡ್ ಪರದೆಯ ಮೇಲೆ ಬಂತು. ಎರಡೇ ಪದ.

ಬೆಂಗಳೂರು, 1979.

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ತಂಗಿ ಪಕ್ಕದವರಿಗೆ "ನಮ್ಮ ಅಕ್ಕ ಆ ಕಡೆಯವರೇ" ಅಂದುಬಿಟ್ಟಳು. ಎಲ್ಲರೂ ತಿರುಗಿ ನೋಡಿದರು.

ಬೆಂಗಳೂರು ಪ್ರಾಜೆಕ್ಟ್ ಅನ್ನುವ ಹೆಸರು ನನಗೆ ಗೊತ್ತಿತ್ತು. ಬಿ.ಎಡ್. ಪರೀಕ್ಷೆಗೆ ಅದೊಂದು ಶಾರ್ಟ್ ನೋಟ್. ಬಾಯಿಪಾಠ ಮಾಡಿ ಬರೆದು ಮರೆತಿದ್ದೆ. ಈ ಜಪಾನಿ ಟೀಚರು ಅದನ್ನು ತಮ್ಮ ಮನೆಯ ಹಿರಿಯರ ಕಥೆಯ ಹಾಗೆ ಹೇಳಿದರು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವಾಕ್ಯರಚನೆಗಳನ್ನು ಒಂದಾದ ಮೇಲೊಂದು ಗಿಣಿಪಾಠ ಮಾಡಿಸುವ ಪದ್ಧತಿ ಆಗ ನಡೆಯುತ್ತಿತ್ತು. ಅದನ್ನು ಬದಿಗಿಟ್ಟು ಮಕ್ಕಳಿಗೆ ಬಿಡಿಸಲು ಒಂದು ಸಮಸ್ಯೆ ಕೊಡುವುದು. ರೈಲಿನ ಟೈಂಟೇಬಲ್, ಊರಿನ ನಕ್ಷೆ, ಶಾಲೆಯ ವೇಳಾಪಟ್ಟಿ ಇಂಥವು. ಮನಸ್ಸು ಅರ್ಥದ ಹಿಂದೆ ಓಡುತ್ತಿರುವಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. 1987ರಲ್ಲಿ ಅದರ ಬಗ್ಗೆ ಪುಸ್ತಕ ಬಂತು. ಇವತ್ತು ಪ್ರಪಂಚದಲ್ಲಿ ಟಾಸ್ಕ್ ಆಧಾರಿತ ಕಲಿಕೆ ಅಂತ ಯಾರೇ ಮಾತಾಡಿದರೂ ಮೊದಲು ಹೇಳುವ ಹೆಸರುಗಳಲ್ಲಿ ಇದು ಒಂದು.

ಆಮೇಲೆ ಆ ಟೀಚರು ತಮ್ಮ ಕ್ಲಾಸಿನ ಕಥೆಗೆ ಬಂದರು. 40 ಮಕ್ಕಳು. ನಗೋಯಾದಿಂದ ತಕಯಾಮಾಗೆ ಹೋಗುವ ರೈಲಿನ ಟೈಂಟೇಬಲ್ ಕೊಟ್ಟು, ಅಜ್ಜಿ ಮಧ್ಯಾಹ್ನದ ಊಟಕ್ಕೆ ತಲುಪಬೇಕಾದರೆ ಯಾವ ಗಾಡಿ ಹತ್ತಬೇಕು ಅಂತ ಗುಂಪುಗಳಿಗೆ ಕೇಳಿದರು. ಮಕ್ಕಳು ಜಪಾನಿ ಭಾಷೆಯಲ್ಲಿ ಮಾತಾಡಿಕೊಂಡು ನಾಲ್ಕು ನಿಮಿಷದಲ್ಲಿ ಉತ್ತರ ಬರೆದುಕೊಟ್ಟರು. ಇಂಗ್ಲಿಷ್ ಸೊನ್ನೆ. ಎರಡು ವಾರ ತಲೆ ಕೆಡಿಸಿಕೊಂಡು, ಮತ್ತೆ ಪ್ರಭು ಅವರನ್ನು ಓದಿದಾಗ ಗೊತ್ತಾಯಿತಂತೆ, ಬೆಂಗಳೂರಿನಲ್ಲಿ ಗುಂಪು ಕೆಲಸಕ್ಕೆ ಒತ್ತು ಇರಲೇ ಇಲ್ಲ! ಮೊದಲು ಟೀಚರು ಇಡೀ ಕ್ಲಾಸಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ಅದೇ ತರಹದ ಇನ್ನೊಂದು ಸಮಸ್ಯೆ ಬಿಡಿಸುತ್ತಾರೆ. ಮಕ್ಕಳು ಒಂದು ಪದದಲ್ಲಿ ಉತ್ತರ ಹೇಳಿದರೂ ಸಾಕು. ಆಮೇಲೆ ಪ್ರತಿ ಮಗುವೂ ತಾನೊಬ್ಬನೇ ಕೂತು ಎರಡನೇ ಸಮಸ್ಯೆ ಬಿಡಿಸುತ್ತದೆ. ಮಾತಾಡು ಮಾತಾಡು ಅಂತ ಒತ್ತಾಯ ಇಲ್ಲ. ಮೊದಲು ಅರ್ಥವಾಗಲಿ.

ಮಾತಾಡಲು ನಾಚುವ 40 ಮಕ್ಕಳ ಜಪಾನಿ ಕ್ಲಾಸಿಗೆ ಇದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು ಅಂದರು. ನಾನು ಯೋಚಿಸಿದೆ, ಕೂರದೆ ಏನು? ಮಕ್ಕಳು ತುಂಬಿದ, ಬೆಂಚು ಸರಿಸಲು ಜಾಗ ಇಲ್ಲದ ನಮ್ಮ ಸರ್ಕಾರಿ ಶಾಲೆಯ ಕೋಣೆಗೆ ಅಂತಲೇ ಹುಟ್ಟಿದ ಪದ್ಧತಿಯಲ್ವಾ ಅದು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗ, ಈಗಷ್ಟೇ ಕೆಲಸಕ್ಕೆ ಸೇರಿದವನು, ನನ್ನನ್ನೇ ಕೇಳಿದ: "ಆ ಊರಿನ ಶಾಲೆಗಳಲ್ಲಿ ಈಗ ಇದು ಹೇಗೆ ನಡೆಯುತ್ತಿದೆ?" ಸುಳ್ಳು ಹೇಳಲಾಗಲಿಲ್ಲ. ನನ್ನ ಕ್ಲಾಸಿನಲ್ಲಿ ನಡೆಯುತ್ತಿಲ್ಲ ಅಂದೆ. ಎಸ್ಸೆಸ್ಸೆಲ್ಸಿ ಇದೆ, ಪೋರ್ಷನ್ ಮುಗಿಸಬೇಕು, ಪ್ರಶ್ನೋತ್ತರ ಬರೆಸುತ್ತೇನೆ ಅಂದೆ. ಯಾರೂ ಮುಖ ಸಿಂಡರಿಸಲಿಲ್ಲ. ಇವರಿಗೂ 15 ವರ್ಷದ ಮಕ್ಕಳಿಗೆ ಹೈಸ್ಕೂಲ್ ಪ್ರವೇಶ ಪರೀಕ್ಷೆ ಇದೆ. ಅರ್ಧ ಜನ ತಲೆ ಆಡಿಸಿದರು. ಆದರೆ ಆ ಪ್ರಶ್ನೆ ನನ್ನ ಜೊತೆ ಉಳಿಯಿತು.

ಪ್ರಭು 1990ರಲ್ಲಿ ಬರೆದ ಒಂದು ಲೇಖನದ ವಿಷಯವೂ ಬಂತು. ಅತ್ಯುತ್ತಮ ಪದ್ಧತಿ ಅಂತ ಒಂದಿಲ್ಲ, ಯಾಕೆ ಅನ್ನುವ ಲೇಖನ. ಹೀಗೆ ಮಾಡಿದರೆ ಮಕ್ಕಳಿಗೆ ಹತ್ತುತ್ತದೆ ಅಂತ ಟೀಚರಿಗೆ ಒಳಗೆ ಒಂದು ತಿಳಿವಳಿಕೆ ಇರುತ್ತದಲ್ಲ, ಅದು ಜೀವಂತವಾಗಿರಬೇಕು. ಅದು ಸತ್ತರೆ ಯಾವ ಪದ್ಧತಿಯೂ ಯಂತ್ರ ಆಗುತ್ತದೆ. ಅದನ್ನು ಜೀವಂತ ಇಡಲು ಇನ್ನೊಬ್ಬ ಟೀಚರ ಜೊತೆ ಮಾತು ಬೇಕು. ಶುಕ್ರವಾರದ ಬಣ್ಣದ ಚೀಟಿಗಳು ಕಣ್ಣ ಮುಂದೆ ಬಂದವು.

ಟೀ ಕುಡಿಯುವಾಗ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಬಂದರು. ನಿಮ್ಮ ಮೇಜಿನ ಮೇಲೆ ಯಾವ ಡಿಕ್ಷನರಿ ಇರುತ್ತದೆ ಅಂತ ಕೇಳಿದರು. ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಅಂದೆ. ಬಿ.ಎ. ಓದುವಾಗ ಅಪ್ಪ ಕೊಡಿಸಿದ್ದು, ರಟ್ಟು ಕಿತ್ತು ಹೋಗಿದೆ, ಇನ್ನೂ ಇದೆ. ಅವರು ನಕ್ಕರು. "ಅದು ಹುಟ್ಟಿದ್ದು ಟೋಕಿಯೊದಲ್ಲಿ" ಅಂದರು. ಹೆರಾಲ್ಡ್ ಪಾಮರ್ ಅನ್ನುವ ಇಂಗ್ಲೆಂಡಿನವರು 1922ರಲ್ಲಿ ಜಪಾನಿಗೆ ಬಂದು, ಮರುವರ್ಷ ಇಂಗ್ಲಿಷ್ ಬೋಧನೆಯ ಸಂಶೋಧನೆಗೆ ಒಂದು ಸಂಸ್ಥೆ ಕಟ್ಟಿದರು. ಎ.ಎಸ್. ಹಾರ್ನ್‌ಬಿ 1924ರಲ್ಲಿ ಮೇಷ್ಟ್ರಾಗಿ ಬಂದವರು, ಆಮೇಲೆ ಆ ಕೆಲಸಕ್ಕೆ ಸೇರಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಹಾರ್ನ್‌ಬಿ ಮತ್ತು ಜೊತೆಗಾರರು ಮಾಡಿದ ಡಿಕ್ಷನರಿ ಮೊದಲು ಅಚ್ಚಾದದ್ದು 1942ರಲ್ಲಿ, ಟೋಕಿಯೊದ ಕೈತಾಕುಶಾ ಪ್ರಕಾಶನದಿಂದ. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಹೊರತಂದಿತು. ಎಷ್ಟು ವರ್ಷದಿಂದ ಆ ಪುಸ್ತಕ ಮುಟ್ಟಿದ್ದೇನೆ! ಇದು ಗೊತ್ತೇ ಇರಲಿಲ್ಲ. ಜಪಾನಿ ಮಕ್ಕಳ ಕಷ್ಟ ನೋಡಿ ಮಾಡಿದ ಪುಸ್ತಕ ಅರಸೀಕೆರೆಯ ನನ್ನ ಮೇಜಿಗೆ ಬಂದಿದೆ. ಬೆಂಗಳೂರಿನ ಮಕ್ಕಳ ಕಷ್ಟ ನೋಡಿ ಮಾಡಿದ ಪಾಠ ನಗೋಯಾದ ಹಾಲಿಗೆ ಬಂದಿದೆ. ವಾಪಸ್ ಬರುವಾಗ ರೈಲಿನಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ.

ಸೋಮವಾರ

ಕ್ರೀಡಾ ದಿನದ ರಜೆ. ನಿಹೊನ್‌ದೈರಾ ಗುಡ್ಡಕ್ಕೆ ಹೋದೆವು. ಕೆಳಗೆ ಸುರುಗಾ ಕೊಲ್ಲಿ, ಆಚೆ ಫುಜಿ. ಮಧ್ಯಾಹ್ನದವರೆಗೆ ಮೋಡ, ಆಮೇಲೆ ಹತ್ತು ನಿಮಿಷ ಪೂರ್ತಿ ಕಂಡಿತು. ಇಳಿಜಾರಿನಲ್ಲಿ ಟೀ ಗಿಡಗಳ ಸಾಲು, ಬಾಚಣಿಗೆಯಿಂದ ಬಾಚಿದ ಹಾಗೆ. ತಂಗಿಯ ಗಂಡ ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದರು.

ಊಟ ಆದ ಮೇಲೆ ಬೆಂಚಿನ ಮೇಲೆ ಕೂತು ಅರಸೀಕೆರೆ ಜಂಕ್ಷನ್ನಿನ ಟೈಂಟೇಬಲ್ ಫೋನಿನಲ್ಲಿ ತೆಗೆದೆ. ನಮ್ಮೂರಿನಿಂದ ಮೂರು ಕಡೆಗೆ ಹಳಿ ಹೋಗುತ್ತದೆ. ಬೆಂಗಳೂರಿಗೆ, ಹುಬ್ಬಳ್ಳಿಗೆ, ಹಾಸನದ ಮೇಲೆ ಮೈಸೂರಿಗೆ. ನನ್ನ ಮಕ್ಕಳು ದಿನಾ ಆ ಗಾಡಿಗಳ ಸದ್ದು ಕೇಳುತ್ತಾರೆ. ಮೊದಲ ಸಮಸ್ಯೆ ಎಲ್ಲರೂ ಸೇರಿ ಬಿಡಿಸುವುದಕ್ಕೆ: ಅಜ್ಜಿ ಹುಬ್ಬಳ್ಳಿಯ ಮದುವೆಗೆ ಧಾರೆಯ ಹೊತ್ತಿಗೆ ತಲುಪಬೇಕು. ಎರಡನೆಯದು ಒಬ್ಬೊಬ್ಬರೇ: ಮಾವ ಮೈಸೂರಿನಿಂದ ಬಂದು, ಇಲ್ಲಿ ಗಾಡಿ ಬದಲಾಯಿಸಿ ಹುಬ್ಬಳ್ಳಿಗೆ ಹೋಗಬೇಕು, ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ಕಾಯಬೇಕು? ತಂಗಿ ಎಂಟನೇ ಕ್ಲಾಸಿನ ಹುಡುಗಿಯ ಹಾಗೆ ಉತ್ತರ ಹೇಳಿದಳು. ಒಂದು ಪ್ರಶ್ನೆ ತೀರಾ ಉದ್ದ ಇತ್ತು, ಒಡೆದು ಎರಡು ಮಾಡು ಅಂದಳು. ಮಾಡಿದೆ. ಆಮೇಲೆ ಮಕ್ಕಳು ಕೂರುವ ನಕ್ಷೆ ಬರೆದೆ. 47 ಹೆಸರು. ಯಾರು ಎಲ್ಲಿ ಕೂರುತ್ತಾರೆ ಅಂತ ನಾಲ್ಕು ಹೆಸರಿಗೆ ನೆನಪು ಮಾಡಿಕೊಳ್ಳಬೇಕಾಯಿತು. ನಾಲ್ಕೂ ಹುಡುಗಿಯರದ್ದೇ. ಸುಮ್ಮನೆ ಕೂರುವವರು.

ಮಂಗಳವಾರ

ನರಿತಾದಲ್ಲಿ ಬೋರ್ಡಿಂಗ್‌ಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಮ್ಮ ತಾಲ್ಲೂಕಿನ ಇಂಗ್ಲಿಷ್ ಟೀಚರುಗಳ ವಾಟ್ಸಾಪ್ ಗುಂಪು ತೆಗೆದೆ. ಸುತ್ತೋಲೆ, ಶುಭೋದಯ, ಅಂಕಪಟ್ಟಿ ನಮೂನೆ ಬಿಟ್ಟರೆ ಅದರಲ್ಲಿ ನಾವು ಬೇರೆ ಏನೂ ಹಾಕುವುದಿಲ್ಲ. ಬರೆದೆ: "ರಜೆ ಮುಗಿದ ಮೇಲೆ ಎರಡನೇ ಶುಕ್ರವಾರ ನಾನು ಎಂಟನೇ ಕ್ಲಾಸಿಗೆ ಒಂದು ಹೊಸ ಪಾಠ ಮಾಡುತ್ತಿದ್ದೇನೆ. ಸರಿ ಬರುತ್ತೋ ಇಲ್ಲವೋ ಗೊತ್ತಿಲ್ಲ. ಹತ್ತಿರದವರು ಬಿಡುವು ಮಾಡಿಕೊಂಡು ಬಂದು ನೋಡಿ. ನನ್ನನ್ನಲ್ಲ, ಒಂದೊಂದು ಮಗುವನ್ನು ನೋಡಿ. ಆಮೇಲೆ ಕೂತು ಮಾತಾಡೋಣ. ಟೀ, ಚಕ್ಕುಲಿ ನನ್ನದು."

ಹತ್ತು ನಿಮಿಷ ಏನೂ ಬರಲಿಲ್ಲ. ಆಮೇಲೆ ಪಕ್ಕದ ಹೋಬಳಿಯ ಮೇಷ್ಟ್ರ ಮೆಸೇಜ್ ಬಂತು. "ಮೇಡಂ, ಯಾವ ಪಿರಿಯಡ್ಡು?"

ಮೂರನೇದು ಸರ್, ಅಂತ ಬರೆದೆ.